ಡಾಲ್ಫಿನ್ ಭಾಷೆಯ ತರಗತಿ

ಏಳನೇ ತರಗತಿಯ ಐಚ್ಛಿಕ ವಿಷಯದ ಫಾರಂನಲ್ಲಿ ಜಲಜಾ ‘ಡಾಲ್ಫಿನ್ ಭಾಷೆ’ ಎಂದು ಬರೆದಾಗ ಅವಳ ತಾಯಿ ಗುಲಾಬಿಗೆ ಸಿಟ್ಟು ಬಂದಿತ್ತು. “ಕಂಪ್ಯೂಟರ್ ತಗೊಳ್ಳಬಾರದಾ? ಡಾಲ್ಫಿನ್ ಹತ್ರ ಹರಟೆ ಹೊಡೆದರೆ ಯಾರು ಕೆಲಸ ಕೊಡ್ತಾರೆ?” ಎಂದು ಗೊಣಗುತ್ತಲೇ ಸಹಿ ಹಾಕಿದ್ದಳು.

ಆ ವರ್ಷದ ಬಿರುಗಾಳಿಗೆ ಸಿಕ್ಕಿ, ಮೀನಿಗೆ ಹೋಗಿದ್ದ ಜಲಜಾಳ ಅಪ್ಪಯ್ಯನ ದೋಣಿ ಕಾಣೆಯಾಯಿತು. ಎರಡು ದಿನ ಹುಡುಕಿದರೂ ಸಿಗಲಿಲ್ಲ. ಮೂರನೆಯ ಬೆಳಿಗ್ಗೆ ಡಾಲ್ಫಿನ್‌ಗಳು ಎಂದಿನಂತೆ ಗಂಗೊಳ್ಳಿ ಬಂದರಿಗೆ ಬಂದಾಗ, ಅವುಗಳ ಭಾಷೆ ಕಲಿಸುವ ಫ್ಲೋರಿನ್ ಟೀಚರ್ ಜಲಜಾಳನ್ನೇ ಮುಂದೆ ಬಿಟ್ಟರು. ಅವಳು ನೀರಿಗೆ ಬಾಗಿ ಶಿಳ್ಳೆ ಹಾಕಿದಳು. ಉತ್ತರ ಅರ್ಥವಾಗದೆ ಇನ್ನೊಮ್ಮೆ ಕೇಳಿದಳು.

“ತೆಂಕಣ ಬಂಡೆಯ ಮೇಲೆ ಇಬ್ಬರಿದ್ದಾರಂತೆ. ಉಸಿರಾಡ್ತಿದ್ದಾರಂತೆ,” ಎಂದಳು ಜಲಜಾ.

ಮಧ್ಯಾಹ್ನದೊಳಗೆ ಅಪ್ಪಯ್ಯನನ್ನೂ ಅವನ ಜೊತೆಗಾರನನ್ನೂ ಕರೆತಂದರು.

ಸಂಜೆ ಗುಲಾಬಿ ಟೀಚರನ್ನು ಹುಡುಕಿಕೊಂಡು ಬಂದರಿಗೆ ಬಂದಳು. ಕೈ ಮುಗಿದು, “ಡಾಲ್ಫಿನ್‌ಗಳಿಗೆ ‘ಉಪಕಾರವಾಯ್ತು’ ಅಂತ ಹೇಗೆ ಹೇಳೋದು ಟೀಚರ್?” ಎಂದಳು.

“ಅವುಗಳ ಭಾಷೆಯಲ್ಲಿ ಆ ಮಾತಿಲ್ಲ ಗುಲಾಬಕ್ಕ. ಸ್ವಲ್ಪ ಹೊತ್ತು ಜೊತೆಗೆ ನೀರಲ್ಲಿರಬೇಕು, ಅಷ್ಟೆ.”

ಗುಲಾಬಿ ಸೆರಗನ್ನು ಬಿಗಿದು ಸೊಂಟದ ಮಟ್ಟಕ್ಕೆ ನೀರಿಗಿಳಿದಳು. ಹೊತ್ತು ಮುಳುಗುವವರೆಗೂ ಅಲ್ಲೇ ನಿಂತಿದ್ದಳು. ಅವು ಅವಳ ಸುತ್ತಲೇ ನಿಧಾನವಾಗಿ ಈಜುತ್ತಿದ್ದವು.