ತೋಳಿನ ಅಳತೆ

ದೋಣಿ ಮುಳುಗಿದ ಮೇಲೆ ಹುಡುಕಿ ಹುಡುಕಿ, ಕೊನೆಗೆ ನದಿಯಲ್ಲಿ ಒಂದು ಶವ ಸಿಕ್ಕಿತು. ಮುಖ ಗುರುತು ಹತ್ತುವಂತಿರಲಿಲ್ಲ. ಹೆಗಲಿಗೆ ಬಿಗಿದ ಚೀಲದಲ್ಲಿ ಒಂದು ಕಾಂಪೌಂಡ್ ಬಿಲ್ಲಿತ್ತು; ರಾಟೆ ಹಚ್ಚಿದ, ಹೆದೆ ಹೊಂದಿಸಿಟ್ಟಷ್ಟೇ ಉದ್ದಕ್ಕೆ ಬಂದು ನಿಲ್ಲುವ ಬಿಲ್ಲು. ಪಂದ್ಯಕ್ಕೆ ಹೊರಟವರಲ್ಲಿ ಕಾಣೆಯಾದವರು ಇಬ್ಬರು: ಕಾಡಪ್ಪನವರ ಮಗ ಮಹಾಂತ, ಮತ್ತು ಅವನಿಗಿಂತ ಉದ್ದ ತೋಳಿನ ಅವನ ಗೆಳೆಯ.

“ಇಬ್ರ ಬಿಲ್ಲೂ ಒಂದೇ ಕಂಪನೀವು. ಗುರುತು ಹಿಡೀತೀರೇನ್ರೀ ಯಜಮಾನ್ರ?” ಎಂದ ಪೊಲೀಸಿನವನು.

“ನಮ್ದಲ್ಲ ಅನ್ರೀ,” ಎಂದು ನೀಲವ್ವ ಗಂಡ ಕಾಡಪ್ಪನವರ ಕೈ ಹಿಡಿದಳು.

ಊರ ಹುಡುಗರ ಬಿಲ್ಲುಗಳನ್ನು ಹದ ಮಾಡಿಕೊಡುತ್ತಿದ್ದವರು ಕಾಡಪ್ಪನವರೇ. ಯಾವ ಬಿಲ್ಲು ಗುರಿ ತಪ್ಪುವುದಿಲ್ಲ ಎಂದು ಕೇಳಿದವರಿಗೆಲ್ಲ, “ತೋಳಿನ ಅಳತಿಗೆ ಕೂತದ್ದು. ಉಳಿದದ್ದೆಲ್ಲಾ ಬರೇ ಬಣ್ಣ,” ಎನ್ನುತ್ತಿದ್ದರು. ಮಗನಿಗೆ ಮಾತ್ರ ಅಳತೆ ತೆಗೆದಿರಲಿಲ್ಲ. ಅಪ್ಪನ ಅಂಗಿಯೇ ಅವನಿಗೆ ಸರಿಯಾಗುತ್ತಿದ್ದುದರಿಂದ ಬಿಲ್ಲನ್ನೂ ತಮ್ಮ ತೋಳಿಗೇ ಹೊಂದಿಸಿ ಕೊಟ್ಟಿದ್ದರು.

“ಎಳದು ನೋಡ್ತೀನಿ. ನನಗ ಉದ್ದ ಆದ್ರ ನಮ್ದಲ್ಲ,” ಎಂದು ಬಿಲ್ಲನ್ನು ಎತ್ತಿದರು.

ಹೆದೆ ಕಿವಿ ದಾಟಿ ಹೋಗಲಿ ಶಿವನೇ ಎಂದು ಬೇಡಿಕೊಂಡರು. ಇನ್ನೊಬ್ಬ ತಾಯಿಯ ಮಗನ ಸಾವನ್ನು ಬೇಡುತ್ತಿದ್ದೇನೆ ಎಂಬುದು ಮರುಕ್ಷಣವೇ ಹೊಳೆದು ನಾಲಿಗೆ ಕಚ್ಚಿಕೊಂಡರು. ಆಮೇಲೆ ಕಣ್ಣು ಮುಚ್ಚಿ ಹೆದೆಯನ್ನು ಪೂರ್ತಿ ಎಳೆದು, ಕಣ್ಣು ತೆರೆದರು.

“ಏನ್ ಛಲೋ ಕೂತೈತ್ರೀ!” ಎಂದ ಪೊಲೀಸಿನವನು, ಏನೂ ಅರಿಯದೆ. “ನಿಮಗೇ ಹೇಳಿ ಮಾಡಿಸಿದಂಗ.”

ಕಾಡಪ್ಪನವರು ಹೆದೆಯನ್ನು ಮೆಲ್ಲಗೆ ಹಿಂದಕ್ಕೆ ಬಿಟ್ಟು, ಬಿಲ್ಲನ್ನು ಹೆಂಡತಿಯ ಮಡಿಲಲ್ಲಿಟ್ಟರು.

“ಶಿವನೇ, ನನ್ನ ಮಹಾಂತಗ ನಿನ್ನ ಪಾದದಾಗ ಶಾಂತಿ ಕೊಡಪ್ಪಾ.”