ದನಿಕಣಜದ ಬಾಗಿಲಲ್ಲಿ

ಗದಗಿನಲ್ಲಿ ಈಗ ಸತ್ತವರ ರೆಕಾರ್ಡಾದ ದನಿಯನ್ನು ಯಾರೂ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಎಲ್ಲರೂ ಊರಿನ ಸರ್ವರಿಗೆ ತಂದು ಹಾಕುತ್ತಾರೆ. ಜನ ಅದನ್ನು ದನಿಕಣಜ ಅನ್ನುತ್ತಾರೆ. ಅದರ ಬಾಗಿಲು ಕಾಯುವವಳು ಫಕೀರವ್ವ. ಫೈಲಿನ ಮೇಲಿನ ಹೆಸರನ್ನು ಆಕೆ ನಂಬುವವಳಲ್ಲ. ಒಂದೊಂದನ್ನೇ ಗಾಜಿನ ಕೋಣೆಯೊಳಗೆ ಬಿಟ್ಟು, "ಊಟ ಆತೇನು?" ಎಂದು ಕೇಳುತ್ತಾಳೆ. ಬರೀ ದನಿಯಾದರೆ ತನ್ನ ಪಾಡಿಗೆ ನುಡಿದು ಸುಮ್ಮನಾಗುತ್ತದೆ. ಉತ್ತರ ಕೊಟ್ಟಿತೋ, ಅದು ದನಿಯ ವೇಷ ಹಾಕಿಕೊಂಡು ಬಂದ ಬೇರೆ ಏನೋ. ಕೂಡಲೇ ಅಳಿಸಬೇಕು. ಅದರೊಡನೆ ಮಾತಿಗಿಳಿದರೆ ಕೈಯಾರೆ ಕಣಜದ ಕದ ತೆಗೆದುಕೊಟ್ಟಂತೆ.

ಅಂದು ಮಧ್ಯಾಹ್ನ ವೀರಭದ್ರಪ್ಪ ತನ್ನ ತಾಯಿಯ ದನಿ ತಂದ.

"ಬೀಸೋ ಕಲ್ಲಿನ ಪದ ಐತ್ರಿ ಅಕ್ಕಾರ. ಬ್ಯಾರೆ ಏನೂ ಇಲ್ಲ."

ಹಾಡು ಇಂಪಾಗಿತ್ತು. ಫಕೀರವ್ವ ಕೇಳಿದಳು, "ಊಟ ಆತೇನು?"

ಹಾಡು ನಿಂತಿತು. ಮುದುಕಿ ಹೇಳಿದಳು, "ಆತವ್ವ. ನಿಂದು ಆತೇನು?"

"ಈಗಷ್ಟ ಆತು ಬೇ," ಎಂದುಬಿಟ್ಟಳು ಫಕೀರವ್ವ. ಹಿರಿಯರು ಅಷ್ಟು ಅಕ್ಕರೆಯಿಂದ ಕೇಳಿದರೆ ಬಾಯಿ ಸುಮ್ಮನಿರುತ್ತದೆಯೇ? ಮರುಗಳಿಗೆ ನಾಲಿಗೆ ಕಚ್ಚಿಕೊಂಡು ಫೈಲನ್ನು ಅಳಿಸಿದಳು. ವೀರಭದ್ರಪ್ಪ ಕಣ್ಣೊರೆಸಿಕೊಳ್ಳುತ್ತ ಹೋದ. ತಾನು ಉತ್ತರ ಕೊಟ್ಟದ್ದನ್ನು ಆಕೆ ಯಾರಿಗೂ ಹೇಳಲಿಲ್ಲ.

ಮುಂದಿನ ದಂಪತಿ ತಂದದ್ದು ತೀರಿಹೋದ ತಮ್ಮ ಕೂಸಿನ ನಗು. ಗಾಜಿನ ಕೋಣೆಯಲ್ಲಿ ಅದು ಕಿಲಕಿಲ ನಕ್ಕಿತು. ಫಕೀರವ್ವ ಇನ್ನೂ ಬಾಯಿ ತೆರೆದಿರಲಿಲ್ಲ. ನಗು ತಟ್ಟನೆ ನಿಂತು, ಅದೇ ಮುದುಕಿಯ ದನಿ ಕೇಳಿತು:

"ಹಂಗಾದ್ರ ಏನ್ ಪಲ್ಯ ಮಾಡಿದ್ದಿ?"