ಅರ್ಥ ಹೇಳುವವನು

ಸೌಮ್ಯ ಚಪ್ಪಲಿ ಮೆಟ್ಟಿ ಸ್ಕೂಟರಿನ ಕೀಗೆ ಕೈ ಚಾಚಿದರೆ ಗೋಡೆಯ ಮೊಳೆ ಖಾಲಿಯಿತ್ತು. ಕೀ ಗಂಡ ನಂದಕುಮಾರನ ಕೈಯಲ್ಲಿತ್ತು.

"ಅಪ್ಪ ಬೇಡ ಅಂದ್ರು," ಎಂದ ಅವನು. "ಇವತ್ತು ಅಮಾವಾಸ್ಯೆಯಂತೆ. ಹೊಸ ಕೆಲಸಕ್ಕೆ ಕಾಲಿಡಬಾರದಂತೆ. ವೈವಾ ಇನ್ನೊಂದು ದಿನ ಇಟ್ಕೊಳ್ಳೋಕೆ ಹೇಳು."

ಇನ್ನೊಂದು ದಿನ ಎಂಬುದು ಇರಲಿಲ್ಲ. ಮೌಖಿಕ ಪರೀಕ್ಷೆಗೆಂದು ದೆಹಲಿಯಿಂದ ಬಂದ ಪರೀಕ್ಷಕರು ಸಂಜೆಯ ವಿಮಾನಕ್ಕೆ ಹೊರಡುವವರು. ಸೌಮ್ಯಳ ಪಿಎಚ್‌ಡಿ ನೋಂದಣಿಯ ಅವಧಿ ಈ ತಿಂಗಳಿಗೆ ಮುಗಿಯುತ್ತಿತ್ತು. ಹನ್ನೊಂದಕ್ಕೆ ವಿಶ್ವವಿದ್ಯಾಲಯದಲ್ಲಿ ಅವರೆದುರು ಕೂರದಿದ್ದರೆ, ಚೀನಾದ ತಾವೋ ತತ್ವದ ಮೇಲೆ ಆರು ವರ್ಷ ದುಡಿದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ನಂದಕುಮಾರನಿಗೆ ಇದು ಗೊತ್ತಿಲ್ಲದ್ದೇನಲ್ಲ.

"ನೀನೇ ಬರ್ದಿದ್ದೀಯಲ್ಲ," ಎಂದ. "ದೊಡ್ಡ ಹಕ್ಕಿ ಆಕಾಶ ಸುತ್ತಲಿ, ಸಣ್ಣ ಹಕ್ಕಿ ಪೊದೇಲಿರ್ಲಿ, ತಂತಮ್ಮ ಪಾಲಿಗೆ ತೃಪ್ತಿ ಇದ್ರೆ ಎರಡೂ ಒಂದೇ ಅಂತ. ತಾವೋ ಅಂದ್ರೆ ಅದೇ ತಾನೆ? ಮೊನ್ನೆ ಕನ್ನಡಿ ಮುಂದೆ ಹೇಳ್ಕೊತಿದ್ದೆ."

"ಅದು ತಾವೋದ ಹಳೇ ಗುರು ಹೇಳಿದ್ದಲ್ಲ ರೀ. ದೊಡ್ಡ ಹಕ್ಕಿ ಹಾರೋದು ಸಣ್ಣದಕ್ಕೆ ತಿಳಿಯೋದೇ ಇಲ್ಲ ಅಂದಿದ್ದ ಗುರು. ಅವನು ಸತ್ತು ಐದಾರು ನೂರು ವರ್ಷ ಆದ್ಮೇಲೆ ಒಬ್ಬ ಪಂಡಿತ ಬಂದ, ಆಸ್ಥಾನದ ಅಧಿಕಾರಿ. ಇರೋ ಜಾಗದಲ್ಲೇ ಇರಿ, ಅದೇ ಸ್ವಾತಂತ್ರ್ಯ ಅಂತ ಅವನು ಅರ್ಥ ಹೇಳ್ದ. ಗುರುವಿನ ಪುಸ್ತಕದಲ್ಲಿ ತನಗೆ ಬೇಡ ಅನ್ಸಿದ್ದನ್ನ ಕಿತ್ತೂ ಹಾಕ್ದ. ಇವತ್ತು ನಮ್ಮ ಕೈಲಿರೋದು ಅವನು ಉಳಿಸಿದ್ದಷ್ಟೇ. ನನ್ನ ಥೀಸಿಸ್ಸೇ ಅದು."

"ನಂಗೆ ಪಾಠ ಬೇಡ," ಎಂದು ನಂದಕುಮಾರ್ ಕೀಯನ್ನು ಪ್ಯಾಂಟಿನ ಜೇಬಿಗೆ ಇಳಿಸಿದ.

ಅವನು ಕೆಟ್ಟವನೇನಲ್ಲ. ಕಾನೂನು ಓದಲು ಹೋಗಿ ಅರ್ಧಕ್ಕೇ ಬಿಟ್ಟವನು; ಸಾರಕ್ಕಿಯ ಹೊಲದ ಮೇಲೆ ಎದ್ದ ಮನೆಗಳ ಬಾಡಿಗೆ ಎತ್ತುವುದೇ ಈಗ ಉದ್ಯೋಗ. ಹೆಂಡತಿ ಡಾಕ್ಟರ್ ಸೌಮ್ಯ ಆಗಿ ಗೇಟು ತೆಗೆದು ಬಂದರೆ ತಾನೆಲ್ಲಿ ನಿಲ್ಲಬೇಕು ಎಂಬ ಭಯ ಅವನಿಗೆ. "ನಮ್ಮನೇಲಿ ಸೊಸೆ ಮಾವನ ಎದುರು ನಿಂತು ಮಾತಾಡೋ ಪದ್ಧತಿಯಿಲ್ಲ," ಎಂದು ಮದುವೆಯಾದ ವಾರವೇ ಹೇಳಿದ್ದ. ಅತ್ತೆ ಇಲ್ಲದ ಮನೆ. ಹಾಗಾಗಿ ಮಾವ ಚಿಕ್ಕಬೈರಪ್ಪನವರ ಮಾತೆಲ್ಲ ಇವನ ಬಾಯಿಂದಲೇ ಬರುತ್ತಿತ್ತು. ಜೆ.ಪಿ. ನಗರದ ಸ್ಕೂಲಿನ ಕೆಲಸ ಅಪ್ಪ ಬೇಡ ಅಂದ್ರು. ಮೈಸೂರಿನ ಸೆಮಿನಾರು ಅಪ್ಪ ಬೇಡ ಅಂದ್ರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಂತೂ ದೇವರು ಏನಂದನೆಂದು ಪೂಜಾರಿಯ ಹೊರತು ಯಾರಿಗೂ ತಿಳಿಯದು.

ಸೌಮ್ಯಳಿಗೆ ನಾಚಿಕೆಯಾಯಿತು. ಎಂದೋ ಸತ್ತವನ ಮಾತು ನಿಜವಾಗಿ ಅವನದೇ ಅಲ್ಲವೇ ಎಂದು ಆರು ವರ್ಷ ಜಗ್ಗಾಡಿದವಳು, ಹಿತ್ತಲಲ್ಲಿ ಕೂತ ಮಾವನನ್ನು ಒಮ್ಮೆಯೂ ಕೇಳಿರಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ನಡೆದಳು.

"ಎಲ್ಲಿಗೆ? ಸೌಮ್ಯ, ಬೇಡ," ಎನ್ನುತ್ತ ನಂದಕುಮಾರ್ ಹಿಂದೆಯೇ ಬಂದ.

ಚಿಕ್ಕಬೈರಪ್ಪ ಬಿಸಿಲಿಗೆ ಬೆನ್ನು ಕೊಟ್ಟು ಅವರೆಕಾಯಿ ಸುಲಿಯುತ್ತಿದ್ದರು. ಸೊಸೆ ಎದುರು ಬಂದು ನಿಂತದ್ದನ್ನು ಕಂಡು ಗಾಬರಿಯಿಂದ ಪಂಚೆ ಸರಿಮಾಡಿಕೊಂಡರು.

"ಮಾವ, ನಾನು ಇವತ್ತು ಹೋಗ್ಬಾರ್ದು ಅಂದ್ರಾ?"

ಮುದುಕರು ಅಭ್ಯಾಸದಂತೆ ಮಗನತ್ತ ನೋಡಿದರು. "ಏನಂತಪ್ಪ?"

"ಏನಿಲ್ಲಪ್ಪ, ಅವಳು..."

"ನನ್ನನ್ನೇ ಕೇಳಿ ಮಾವ," ಎಂದಳು ಸೌಮ್ಯ. ದನಿ ಅವಳಿಗೇ ಜೋರೆನಿಸಿತು.

ಚಿಕ್ಕಬೈರಪ್ಪ ಕೈಯಲ್ಲಿದ್ದ ಕಾಯಿಯನ್ನು ಸುಲಿದು ಮುಗಿಸಿದರು. "ಅಮಾಸೆ ಅಂದೆ," ಎಂದರು ಕೊನೆಗೆ. "ಗಾಡಿ ಚಕ್ರಕ್ಕೊಂದು ನಿಂಬೆಹಣ್ಣು ಮಡಗಿ ಹೊರಡ್ಲಿ ಅಂದೆ. ಹೋಗ್ಬ್ಯಾಡ ಅಂತ ನಾನ್ಯಾವಾಗ ಅಂದೆ?"

"ಸ್ಕೂಲ್ ಕೆಲಸಕ್ಕೆ?"

"ಯಾವ ಸ್ಕೂಲು?"

ಹಿಂದೆ ನಿಂತ ನಂದಕುಮಾರನ ಉಸಿರು ಅವಳಿಗೆ ಕೇಳಿಸುತ್ತಿತ್ತು. ತಿರುಗಿ ನೋಡಲಿಲ್ಲ.

"ಮತ್ತೆ ಇಷ್ಟು ವರ್ಷ ನನ್ನನ್ನ ಒಂದ್ಸಲಾನೂ ಯಾಕೆ ಮಾತಾಡಿಸ್ಲಿಲ್ಲ ಮಾವ?"

ಮುದುಕರ ಕೈ ನಿಂತಿತು. "ನೀನೇ ಅಂದ್ಯಂತಲ್ಲವ್ವ, ನಮ್ಮ ಹಳ್ಳಿ ಮಾತು ಕೇಳುದ್ರೆ ಹೇಸಿಗೆ ಆಯ್ತದೆ ಅಂತ. ಓದಿದೋಳು, ಮಾತಾಡಿಸ್ಬೇಡಿ ಅಂದಿದ್ದ ನಂದ. ಅದಕ್ಕೇ ನಾನು ದೂರ ಉಳ್ಕಂಡೆ." ಅವರ ಕಣ್ಣು ತುಂಬಿತ್ತು. "ಹೊತ್ತಾಯ್ತದೆ, ಹೊರಡವ್ವ."

ಸೌಮ್ಯ ಗಂಡನ ಮುಂದೆ ಕೈ ಚಾಚಿದಳು. ಕೀ ಅಂಗೈಗೆ ಬಂದು ಬಿತ್ತು.

"ಅದು ಹಂಗಲ್ಲ ಸೌಮ್ಯ," ನಂದಕುಮಾರ್ ತಡವರಿಸಿದ. "ಅಪ್ಪ ಹೇಳಿದ್ದರ ಅರ್ಥ ಏನಂದ್ರೆ..."

"ನಾನಿನ್ನೂ ಬದುಕಿವ್ನಿ ಕಣ್ಲಾ," ಎಂದರು ಚಿಕ್ಕಬೈರಪ್ಪ. "ಅರ್ಥ ನಾನು ಹೋದ್ಮೇಲೆ ಹೇಳೀವಂತೆ."